ಗೀರು ಹಲಗೆ: ಕಪ್ಪಿನಿಂದ ಆರಂಭವಾಗುವ ಚಿತ್ರ



ನಿಮ್ಮ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರ ಚಿತ್ರಕಲೆಯ ಪುಸ್ತಕವನ್ನು ಇಂದು ಒಮ್ಮೆ ತೆರೆದು ನೋಡಿ. ಚಿತ್ರಗಳನ್ನು ನೋಡುವ ಮೊದಲು, ಅಳಿಸಿದ ಗುರುತುಗಳನ್ನು ನೋಡಿ. ಕೆಲವು ಹಾಳೆಗಳ ಮೇಲೆ ರಬ್ಬರು ಎಷ್ಟು ಸಲ ಓಡಾಡಿರುತ್ತದೆಂದರೆ, ಕಾಗದದ ಮೈ ಎದ್ದು, ಎಳೆ ಎಳೆಯಾಗಿ, ಕೊನೆಗೆ ತೂತೇ ಬಿದ್ದಿರುತ್ತದೆ. ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು. ಮಗುವಿಗೆ ಚಿತ್ರ ಬರುವುದಿಲ್ಲವೆಂದು ಇದರ ಅರ್ಥವಲ್ಲ. ತಪ್ಪುವುದೆಂದರೆ ಆ ಮಗುವಿಗೆ ಭಯ ಎಂಬುದಷ್ಟೇ ಇದರ ಅರ್ಥ.

ಅಂಥದೊಂದು ಪುಸ್ತಕವನ್ನು ನಾನು ಕಂಡದ್ದು ಚಡಚಣದಲ್ಲಿ. ಭೀಮಾ ನದಿಯ ಸೀಮೆಯಲ್ಲಿ, ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಂತಿರುವ ಊರು ಅದು. ಮದುವೆಯ ಜವಳಿ ಕೊಳ್ಳಲು ಸುತ್ತಲಿನ ಹಳ್ಳಿಗಳ ಜನ ಬರುತ್ತಾರೆ. ಸಾಹಿತ್ಯ ಪ್ರಿಯರಿಗೆ ಜಾನಪದ ವಿದ್ವಾಂಸರಾದ ಸಿಂಪಿ ಲಿಂಗಣ್ಣನವರ ಊರೆಂದು ಪರಿಚಿತ. ಒಂದು ಬೇಸಿಗೆ ರಜೆಯಲ್ಲಿ ಪರಿಚಯದ ಮನೆಯೊಂದಕ್ಕೆ ಅಲ್ಲಿಗೆ ಹೋಗಿದ್ದೆ. ಮನೆಯಲ್ಲಿ ಮೂವರು: ವಯಸ್ಸಾದ ಅಜ್ಜಿ, ಹೊಲಿಗೆ ಮಾಡಿ ಸಂಸಾರ ತೂಗಿಸುವ ತಾಯಿ, ಎಂಟನೆಯ ತರಗತಿ ಮುಗಿಸಿದ ಹುಡುಗ. ತಂದೆ ತೀರಿಕೊಂಡು ಎರಡು ವರ್ಷವಾಗಿತ್ತು. ಹುಡುಗನಿಗೆ ಚಿತ್ರ ಬರೆಯುವ ಹುಚ್ಚು. ಪುಸ್ತಕ ತೋರಿಸು ಎಂದಾಗ ಹಿಂಜರಿಯುತ್ತಲೇ ತಂದ. ಅದರ ಐದಾರು ಹಾಳೆಗಳಲ್ಲಿ ಒಂದೇ ಮುಖದ ಸುತ್ತುಗೆರೆ. ಪ್ರತಿಯೊಂದನ್ನೂ ಅರ್ಧಕ್ಕೇ ಅಳಿಸಿದ್ದ. ಒಂದು ಹಾಳೆಯಂತೂ ಕಣ್ಣುಗಳ ಜಾಗದಲ್ಲಿ ಹರಿದಿತ್ತು.

"ಹ್ಯಾಂಗ ತಗದ್ರೂ ನಮ್ಮಪ್ಪನಂಗ ಬರವಲ್ದ್ರಿ ಫಾದರ್," ಎಂದ.

ತಾಯಿ ಅಡುಗೆಮನೆಯ ಬಾಗಿಲಿಂದಲೇ, "ಅದನ್ನ ಯಾಕ ತೋರಸ್ತೀಯೋ, ಒಳಗಿಡು," ಎಂದಳು. ಅಜ್ಜಿ ಅತ್ತ ಮುಖ ತಿರುಗಿಸಿ ಕುಳಿತಳು. ಆ ಮನೆಯಲ್ಲಿ ತೀರಿಕೊಂಡವನ ಮಾತು ಎತ್ತುವ ಹಾಗಿರಲಿಲ್ಲ. ಎತ್ತಿದರೆ ಅಜ್ಜಿ ಅಳುತ್ತಾಳೆ, ಅಜ್ಜಿ ಅತ್ತರೆ ತಾಯಿ ಅಂದು ಊಟ ಮಾಡುವುದಿಲ್ಲ. ಆದ್ದರಿಂದ ಎಲ್ಲರೂ ಸುಮ್ಮನಿದ್ದರು. ಹುಡುಗ ಮಾತ್ರ ಪುಸ್ತಕದಲ್ಲಿ ಬರೆಯುತ್ತಿದ್ದ, ಅಳಿಸುತ್ತಿದ್ದ.

ಆಗ ನನ್ನ ಚೀಲದಲ್ಲಿ ಒಂದು ಕಪ್ಪು ಹಲಗೆಯ ತುಂಡಿತ್ತು. ಈ ವಾರ ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂದಿರುವುದು ಆ ಹಲಗೆಯ ಪಾಠವನ್ನು.

ಗೀರು ಹಲಗೆ ಎಂದರೇನು?

ಅದರ ಹೆಸರು ಸ್ಕ್ರ್ಯಾಚ್‌ಬೋರ್ಡ್. ನಾವು ಗೀರು ಹಲಗೆ ಎಂದು ಕರೆಯೋಣ. ಗಟ್ಟಿಯಾದ ರಟ್ಟು ಅಥವಾ ಹಲಗೆಯ ಮೇಲೆ ನಯವಾದ ಬಿಳಿ ಜೇಡಿಯ ತೆಳು ಲೇಪ. ಪಿಂಗಾಣಿ ಪಾತ್ರೆಗೆ ಬಳಸುವ ಚೀನಾ ಮಣ್ಣೇ ಈ ಜೇಡಿ. ಅದರ ಮೇಲೆ ಒಂದೇ ಸಮನಾಗಿ ಹಚ್ಚಿದ ಕಪ್ಪು ಶಾಯಿ. ನೋಡಲು ಪೂರ್ತಿ ಕಪ್ಪು. ಚೂಪಾದ ಮೊನೆಯಿಂದ ಮೆಲ್ಲಗೆ ಗೀರಿದರೆ ಶಾಯಿ ಎದ್ದು ಕೆಳಗಿನ ಬಿಳುಪು ಕಾಣುತ್ತದೆ. ಅಷ್ಟೇ ಅದರ ಗುಟ್ಟು.

ಶಾಲೆಯ ಪಾಟಿಯ ಮೇಲೂ ಬಿಳಿ ಗೆರೆಯೇ ಮೂಡುತ್ತದಲ್ಲ, ವ್ಯತ್ಯಾಸವೇನು ಎಂದು ನೀವು ಕೇಳಬಹುದು. ಪಾಟಿಯ ಮೇಲೆ ನಾವು ಬಿಳುಪನ್ನು ಹೊರಗಿನಿಂದ ತಂದು ಹಚ್ಚುತ್ತೇವೆ. ಒದ್ದೆ ಅರಿವೆಯಿಂದ ಒರೆಸಿದರೆ ಹೋಗುತ್ತದೆ. ಗೀರು ಹಲಗೆಯಲ್ಲಿ ಬಿಳುಪು ಮೊದಲೇ ಒಳಗಿದೆ. ನಾವು ಮಾಡುವುದು ಮೇಲಿನದನ್ನು ತೆಗೆಯುವ ಕೆಲಸ ಮಾತ್ರ. ತೆಗೆದದ್ದು ಸುಲಭವಾಗಿ ಮರಳಿ ಬರುವುದಿಲ್ಲ.

ಈ ಮಾಧ್ಯಮ ಹುಟ್ಟಿದ್ದು 19ನೆಯ ಶತಮಾನದಲ್ಲಿ, ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳಲ್ಲಿ. ಹುಟ್ಟಿಗೆ ಕಾರಣ ಕಲೆಯಲ್ಲ, ಮುದ್ರಣಾಲಯದ ತೊಂದರೆ. ಅಂದಿನ ಪತ್ರಿಕೆಗಳ ಒರಟು ಕಾಗದದ ಮೇಲೆ ಬೂದು ಬಣ್ಣದ ಛಾಯೆಗಳು ಸರಿಯಾಗಿ ಮೂಡದೆ ಕಲಸಿ ಹೋಗುತ್ತಿದ್ದವು. ಮರದ ಅಚ್ಚು ಕೊರೆಯುವುದೋ ನಿಧಾನದ, ದುಬಾರಿಯ ಕೆಲಸ. ಗೀರು ಹಲಗೆಯಲ್ಲಾದರೆ ಕಪ್ಪು ಕಪ್ಪಾಗಿ, ಬಿಳಿ ಬಿಳಿಯಾಗಿ, ಮರದ ಅಚ್ಚಿನ ಹಾಗೆ ಸ್ಪಷ್ಟ ಗೆರೆಗಳು ಸಿಗುತ್ತಿದ್ದವು. ಹೀಗಾಗಿ ಜಾಹೀರಾತು, ಪುಸ್ತಕ, ಪತ್ರಿಕೆಗಳ ಚಿತ್ರಗಳಿಗೆ ಇದು 20ನೆಯ ಶತಮಾನದ ಮಧ್ಯದವರೆಗೂ ಬಳಕೆಯಲ್ಲಿತ್ತು. ಅಮೆರಿಕೆಯ ವರ್ಜಿಲ್ ಫಿನ್ಲೆ (1914–1971) ಎಂಬ ಚಿತ್ರಕಾರ ಅಗ್ಗದ ಕಾಗದದ ಕಥಾಪತ್ರಿಕೆಗಳಿಗಾಗಿ ಇದೇ ಹಲಗೆಯ ಮೇಲೆ ಸಾವಿರಾರು ಗೀರು, ಚುಕ್ಕೆಗಳಿಂದ ಚಿತ್ರ ರಚಿಸಿ ಹೆಸರಾದ. ಮುದ್ರಣ ತಂತ್ರ ಸುಧಾರಿಸಿದಂತೆ ಪತ್ರಿಕೆಗಳಿಗೆ ಇದರ ಅಗತ್ಯ ಕಡಿಮೆಯಾಯಿತು. ಚಿತ್ರಕಾರರು ಮಾತ್ರ ಕೈಬಿಡಲಿಲ್ಲ.

ನಮ್ಮ ನಾಡಿನಲ್ಲಿ ಗೀರುವ ಕೆಲಸ

ಹೆಸರು ಹೊಸದಾದರೂ ಕೆಲಸ ನಮಗೆ ಹೊಸದಲ್ಲ. ಮೂರು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ಬೀದರಿನ ಬಿದರಿ ಕಲೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿ ಅಥವಾ ತಟ್ಟೆಯನ್ನು ನಯಗೊಳಿಸಿ, ಮೊದಲು ಮೈಲುತುತ್ತದ ನೀರನ್ನು ಸವರಿ ಕಪ್ಪಾಗಿಸುತ್ತಾರೆ. ಆ ಕಪ್ಪು ತಾತ್ಕಾಲಿಕವಾದದ್ದು. ಕುಶಲಕರ್ಮಿಯು ಅದರ ಮೇಲೆ ಚೂಪು ಮೊನೆಯಿಂದ ಹೂಬಳ್ಳಿಯನ್ನು ಗೀರಿದಾಗ ಗೆರೆಗಳು ಬಿಳಿಯಾಗಿ ಹೊಳೆಯುತ್ತವೆ. ತಾನು ಎಲ್ಲಿ ಕೊರೆಯಬೇಕೆಂಬುದು ಅವನಿಗೆ ಕಾಣುವುದೇ ಆ ಕಪ್ಪಿನಿಂದ. ಆಮೇಲೆ ಉಳಿಯಿಂದ ಕೊರೆದು, ಬೆಳ್ಳಿಯ ತಂತಿ ತಗಡುಗಳನ್ನು ಕೂರಿಸಿ ಬಡಿದು, ಉಜ್ಜಿ, ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ಮಿಶ್ರಣದಿಂದ ಶಾಶ್ವತವಾಗಿ ಕಪ್ಪಾಗಿಸುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ಎರಡನೆಯದು ಉತ್ತರ ಕನ್ನಡ ಮತ್ತು ಗೋವೆಯ ಕಾವಿ ಕಲೆ. ಅಂಕೋಲಾ, ಕುಮಟಾ ಕಡೆಯ ಹಳೆಯ ದೇವಾಲಯಗಳ ಗೋಡೆಗಳಲ್ಲಿ ಇದನ್ನು ಕಾಣಬಹುದು. ಚಿಪ್ಪು ಸುಟ್ಟು ಮಾಡಿದ ಸುಣ್ಣದ ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಪದರವನ್ನು ಹಚ್ಚಿ, ಹಸಿಯಿರುವಾಗಲೇ ಉಕ್ಕಿನ ಮೊನೆಯಿಂದ ಕೆರೆದು ಬಿಳಿಯ ಚಿತ್ರವನ್ನು ಹೊರಗೆ ತರುತ್ತಿದ್ದರು. ಹೊನ್ನಾವರದ ಡಾ. ಕೃಷ್ಣಾನಂದ ಕಾಮತರು (1934–2002) ಈ ಗೋಡೆಗಳನ್ನು ಹುಡುಕಿಕೊಂಡು ಅಲೆದು ದಾಖಲಿಸಿದರು. ಕಪ್ಪಿನ ಬದಲು ಕೆಂಪು ಎಂಬುದನ್ನು ಬಿಟ್ಟರೆ ಇದು ಗೀರು ಹಲಗೆಯೇ ಸರಿ.

ಮೂರನೆಯದು ತಾಳೆಗರಿ. ಕಂಠವೆಂಬ ಉಕ್ಕಿನ ಲೇಖನಿಯಿಂದ ಗರಿಯ ಮೇಲೆ ಅಕ್ಷರ ಗೀರುತ್ತಿದ್ದರು. ಗೀರಿದಾಗ ಅಕ್ಷರ ಸರಿಯಾಗಿ ಕಾಣುವುದಿಲ್ಲ. ಮೇಲೆ ಮಸಿ ಸವರಿ ಒರೆಸಿದಾಗ ಗೀರುಗಳಲ್ಲಿ ಮಸಿ ನಿಂತು ಅಕ್ಷರ ಏಳುತ್ತದೆ. ಇಲ್ಲಿ ಕ್ರಮ ಉಲ್ಟಾ: ಗೀರು ಮೊದಲು, ಕಪ್ಪು ಆಮೇಲೆ. ನಮ್ಮ ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು (1880–1964) ಮನೆ ಮನೆ ತಿರುಗಿ ಕೂಡಿಸಿದ್ದು ಇಂಥ ಗರಿಗಳ ಕಟ್ಟುಗಳನ್ನು. 1923ರಲ್ಲಿ ಅವರ ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚಾಗಿ ಬಂದದ್ದು ಆ ಗೀರುಗಳನ್ನು ಓದಿದ್ದರಿಂದ. ಅಳಿಸಲು ಬಾರದ ಹಾಗೆ ಗೀರಿದ ಕೈಗಳಿಗೆ ನಾವೆಲ್ಲರೂ ಋಣಿಗಳು.

ನಾನು ಕೆಡಿಸಿದ ಮೊದಲ ಹಲಗೆ

ನನಗೆ ಪೆನ್ಸಿಲಿನಲ್ಲಿ ಚಿತ್ರ ಬರೆಯುವ ಹವ್ಯಾಸ ಗುರುಮಠದ ದಿನಗಳಿಂದಲೂ ಇದೆ. ಬೆಂಗಳೂರಿಗೆ ಸಭೆಗೆ ಹೋಗಿದ್ದಾಗ ಚಿತ್ರಸಾಮಗ್ರಿಯ ಅಂಗಡಿಯಲ್ಲಿ ಗೀರು ಹಲಗೆ ಕಂಡಿತು; ಎರಡು ಕೊಂಡೆ. ಮೊದಲನೆಯದರ ಮೇಲೆ, ತೀರಿಹೋದ ನನ್ನ ತಾಯಿಯ ಹಳೆಯ ಫೋಟೋ ನೋಡಿ ಅವರ ಮುಖವನ್ನು ತೆಗೆಯಬೇಕೆಂದು ಕುಳಿತೆ.

ರೂಢಿಯಂತೆ ಮೊದಲು ಮುಖದ ಸುತ್ತುಗೆರೆ ಹಾಕಿದೆ. ಹುಬ್ಬು ಬರೆದೆ, ಕಣ್ಣಿನ ರೆಪ್ಪೆ ಬರೆದೆ, ಬಾಚಿದ ಕೂದಲಿನ ಎಳೆಗಳನ್ನು ಬರೆದೆ. ಹಿಂದೆ ಸರಿದು ನೋಡಿದರೆ ಎದೆ ಝಲ್ಲೆಂದಿತು. ಹುಬ್ಬು ಬೆಳ್ಳಗೆ, ಕೂದಲು ಬೆಳ್ಳಗೆ, ಮುಖ ಕಪ್ಪಗೆ. ಫೋಟೋ ಸ್ಟುಡಿಯೋದಲ್ಲಿ ಹಿಂದೆ ಕೊಡುತ್ತಿದ್ದ ನೆಗೆಟಿವ್ ಫಿಲ್ಮಿನ ಹಾಗೆ! ತಾಯಿಯನ್ನೇ ಗುರುತು ಸಿಗದ ಹಾಗೆ ಮಾಡಿದ್ದೆ.

ಸರಿಪಡಿಸಲೆಂದು ಕೆನ್ನೆಯನ್ನು ಗೀರಿದೆ, ಹಣೆಯನ್ನು ಗೀರಿದೆ, ಹಿಂಬದಿಯ ಗೋಡೆಯನ್ನೂ ಗೀರಿದೆ. ಎಲ್ಲ ಕಡೆ ಗೀರಿದ ಮೇಲೆ ಹಲಗೆ ಬೂದು ಬಣ್ಣದ ಒಂದು ಕಲೆಯಾಯಿತು. ಮುಖವೂ ಇಲ್ಲ, ನೆರಳೂ ಇಲ್ಲ. ಆ ರಾತ್ರಿ ಬಹಳ ಬೇಸರವಾಯಿತು. ಕೆಟ್ಟದ್ದು ಒಂದು ಹಲಗೆ ಮಾತ್ರ ಎಂದು ಮನಸ್ಸಿಗೆ ಹೇಳಿಕೊಂಡರೂ ಅದು ಒಪ್ಪಲಿಲ್ಲ.

ನನ್ನ ತಪ್ಪುಗಳು ಎರಡು. ಪೆನ್ಸಿಲಿನಲ್ಲಿ ನಾವು ನೆರಳನ್ನು ಬರೆಯುತ್ತೇವೆ, ಬೆಳಕನ್ನು ಕಾಗದಕ್ಕೆ ಬಿಡುತ್ತೇವೆ. ಗೀರು ಹಲಗೆಯಲ್ಲಿ ಬೆಳಕನ್ನು ನಾವು ಬರೆಯಬೇಕು, ನೆರಳನ್ನು ಹಲಗೆಗೆ ಬಿಡಬೇಕು. ಇದನ್ನು ತಿಳಿಯದೆ ಹಳೆಯ ಕೈಯಿಂದ ಹೊಸ ಕೆಲಸ ಮಾಡಿದ್ದು ಮೊದಲ ತಪ್ಪು. ಗಾಬರಿಯಾಗಿ, ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಗೀರುತ್ತಲೇ ಹೋದದ್ದು ಎರಡನೆಯದು.

ಮನೆಯಲ್ಲೇ ಹಲಗೆ ಮಾಡಿಕೊಳ್ಳುವ ಬಗೆ

ಅಂಗಡಿಯ ಹಲಗೆ ಎಲ್ಲ ಊರುಗಳಲ್ಲಿ ಸಿಗುವುದಿಲ್ಲ, ಸಿಕ್ಕರೂ ಬೆಲೆ ಹೆಚ್ಚು. ಮನೆಯಲ್ಲಿ ಎರಡು ರೀತಿಯಲ್ಲಿ ಮಾಡಿಕೊಳ್ಳಬಹುದು.

ಚಿಕ್ಕ ಮಕ್ಕಳಿಗೆ: ದಪ್ಪ ಡ್ರಾಯಿಂಗ್ ಕಾಗದದ ಮೇಲೆ ಮೇಣದ ಬಳಪದಿಂದ, ಅಂದರೆ ಕ್ರೇಯಾನಿನಿಂದ, ಹಳದಿ, ಕಿತ್ತಳೆ, ಗುಲಾಬಿಯಂಥ ತಿಳಿ ಬಣ್ಣಗಳನ್ನು ಎಲ್ಲಿಯೂ ಬಿಳಿ ಕಾಣದಂತೆ ಒತ್ತಿ ತುಂಬಬೇಕು. ಅದರ ಮೇಲೆ ಕಪ್ಪು ಪೋಸ್ಟರ್ ಬಣ್ಣ. ಮೇಣದ ಮೇಲೆ ನೀರಿನ ಬಣ್ಣ ನಿಲ್ಲದೆ ಜಾರುತ್ತದೆ. ಆದ್ದರಿಂದ ಬಣ್ಣಕ್ಕೆ ಪಾತ್ರೆ ತೊಳೆಯುವ ಸೋಪಿನ ದ್ರಾವಣವನ್ನು ಎರಡು ಹನಿ ಬೆರೆಸಬೇಕು. ಒಂದು ಸಲ ಹಚ್ಚಿ, ಒಣಗಿಸಿ, ಇನ್ನೊಂದು ಸಲ ಹಚ್ಚಬೇಕು. ಚೆನ್ನಾಗಿ ಒಣಗಿದ ಮೇಲೆ ಹಲ್ಲುಕಡ್ಡಿಯಿಂದಲೋ ಮುಗಿದುಹೋದ ರಿಫಿಲ್ಲಿನಿಂದಲೋ ಗೀರಿದರೆ ಒಳಗಿನ ಬಣ್ಣ ಹೊಳೆಯುತ್ತದೆ.

ದೊಡ್ಡವರಿಗೆ: ಹಾರ್ಡ್‌ಬೋರ್ಡಿನ ಒಂದು ತುಂಡು ತೆಗೆದುಕೊಳ್ಳಿ. ತೆಳು ರಟ್ಟು ಒದ್ದೆಯಾದಾಗ ಡೊಂಕಾಗುತ್ತದೆ. ನುಣ್ಣಗೆ ಜರಡಿ ಹಿಡಿದ ಚಾಕಿನ ಪುಡಿ ಅಥವಾ ಚೀನಾ ಮಣ್ಣಿಗೆ, ನೀರು ಬೆರೆಸಿ ತೆಳುವಾಗಿಸಿದ ಫೆವಿಕಾಲ್ ಹಾಕಿ ಕಡೆದ ಮಜ್ಜಿಗೆಯ ಹದಕ್ಕೆ ಕಲಸಿ. ಅಗಲ ಬ್ರಷ್ಷಿನಿಂದ ಒಂದು ಲೇಪ ಅಡ್ಡ, ಅದು ಒಣಗಿದ ಮೇಲೆ ಇನ್ನೊಂದು ಉದ್ದ, ಹೀಗೆ ನಾಲ್ಕೈದು ತೆಳು ಲೇಪ ಕೊಡಿ. ಪೂರ್ತಿ ಒಣಗಿದ ನಂತರ ನಯವಾದ ಸ್ಯಾಂಡ್‌ಪೇಪರಿನಿಂದ ಉಜ್ಜಿ, ಪುಡಿಯನ್ನು ಒರೆಸಿ ತೆಗೆದು, ಮೇಲೆ ಇಂಡಿಯನ್ ಇಂಕ್ ಎರಡು ಸಲ ಹಚ್ಚಿ. ಅಂಟು ಹೆಚ್ಚಾದರೆ ಗೀರು ಮೂಡುವುದಿಲ್ಲ, ಕಡಿಮೆಯಾದರೆ ಲೇಪ ಹೆಕ್ಕಳಿಕೆಯಾಗಿ ಏಳುತ್ತದೆ. ಮೊದಲು ಒಂದು ಚಿಕ್ಕ ತುಂಡಿನ ಮೇಲೆ ಪರೀಕ್ಷಿಸಿ ನೋಡಿ.

ಗೀರಲು ಬೇಕಾದದ್ದು ಕಂಪಾಸ್ ಪೆಟ್ಟಿಗೆಯ ಕೈವಾರದ ಮೊನೆ, ಅಥವಾ ಮರದ ಹಿಡಿಕೆಗೆ ಸಿಕ್ಕಿಸಿದ ದಪ್ಪ ಸೂಜಿ. ಮೊನೆಯ ಕೆಲಸ ಮಾಡುವಾಗ ಮಕ್ಕಳ ಹತ್ತಿರ ದೊಡ್ಡವರು ಇರಲೇಬೇಕು.

ಗೀರುವ ಕ್ರಮ

1. ಬೆಳಕು ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನಿರ್ಧರಿಸಿ. ಕಿಟಕಿಯ ಬಳಿ ಇಟ್ಟ ಒಂದು ತಂಬಿಗೆ ಮೊದಲ ಪಾಠಕ್ಕೆ ಸಾಕು. ಅದರ ಮೈಮೇಲೆ ಅತಿ ಹೆಚ್ಚು ಹೊಳೆಯುವ ಜಾಗ ಯಾವುದೆಂದು ಐದು ನಿಮಿಷ ಸುಮ್ಮನೆ ನೋಡಿ.

2. ತೆಳು ಕಾಗದದ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳಿ. ಅಳಿಸುವುದೆಲ್ಲ ಈ ಕಾಗದದ ಮೇಲೇ ಆಗಲಿ. ಅದರ ಹಿಂಬದಿಗೆ ಬಿಳಿ ಚಾಕನ್ನು ಉಜ್ಜಿ, ಹಲಗೆಯ ಮೇಲಿಟ್ಟು, ಮೇಲಿಂದ ಮೆಲ್ಲಗೆ ತಿದ್ದಿದರೆ ಗುರುತು ಇಳಿಯುತ್ತದೆ.

3. ಅತಿ ಹೊಳೆಯುವ ಜಾಗದಿಂದ ಗೀರಲು ಆರಂಭಿಸಿ. ಸುತ್ತುಗೆರೆ ಹಾಕಬೇಡಿ. ಬೆಳಕು ಮುಗಿಯುವಲ್ಲಿ ವಸ್ತುವಿನ ಅಂಚು ತಾನಾಗಿ ಕಾಣುತ್ತದೆ.

4. ಆಳವಾಗಿ ಕೊರೆಯಬೇಡಿ. ಶಾಯಿ ಎದ್ದರೆ ಸಾಕು. ಗೀರುಗಳು ಒತ್ತೊತ್ತಾಗಿದ್ದರೆ ಬೆಳಕು ಹೆಚ್ಚು, ದೂರ ದೂರವಾಗಿದ್ದರೆ ಮಬ್ಬು. ಗೀರುಗಳು ವಸ್ತುವಿನ ಮೈಯನ್ನು ಅನುಸರಿಸಲಿ: ತಂಬಿಗೆಯ ಹೊಟ್ಟೆಯ ಮೇಲೆ ಬಾಗಿ, ಬಟ್ಟೆಯ ಮಡಿಕೆಯ ಮೇಲೆ ಇಳಿದು, ಕೂದಲಿನ ಮೇಲೆ ಬಾಚಣಿಗೆ ಹೋದ ದಾರಿಯಲ್ಲಿ.

5. ಅಂಗೈಯ ಕೆಳಗೆ ಒಂದು ಕಾಗದವಿರಲಿ. ಕೈಯ ಜಿಡ್ಡು ಹಲಗೆಗೆ ಹತ್ತಬಾರದು. ಎದ್ದ ಪುಡಿಯನ್ನು ಬಾಯಿಂದ ಊದಬೇಡಿ. ಎಂಜಲು ಸಿಡಿಯುತ್ತದೆ, ಪುಡಿ ಉಸಿರಿನೊಳಗೆ ಹೋಗುತ್ತದೆ. ಮೃದುವಾದ ಬ್ರಷ್ಷಿನಿಂದ ಸರಿಸಿ.

6. ತಪ್ಪಿದರೆ ಸಣ್ಣ ಬ್ರಷ್ಷಿನಿಂದ ಅಲ್ಲಿಗೆ ಶಾಯಿ ತುಂಬಿ, ಒಣಗಿದ ಮೇಲೆ ಮತ್ತೆ ಗೀರಬಹುದು. ಒಂದೆರಡು ಸಲ ಮಾತ್ರ. ಮೂರನೆಯ ಸಲಕ್ಕೆ ಬಿಳಿಯ ಲೇಪವೇ ಸವೆದಿರುತ್ತದೆ.

7. ಆಗಾಗ ಎದ್ದು, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ. ಇನ್ನೂ ಸ್ವಲ್ಪ ಗೀರಬೇಕು ಎನ್ನಿಸುವಾಗಲೇ ನಿಲ್ಲಿಸುವುದು ಒಳ್ಳೆಯದು. ಮರುದಿನ ನೋಡಿ, ಬೇಕಾದರೆ ಮುಂದುವರಿಸಿ.

ತೆಗೆಯುವುದರಿಂದ ಆಗುವ ಕೆಲಸ

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಪ್ಲೊಟೈನಸ್ ಎಂಬ 3ನೆಯ ಶತಮಾನದ ದಾರ್ಶನಿಕನ ಒಂದು ವಿಚಾರ ಕಲಿತಿದ್ದೆ. ಶಿಲ್ಪಿಯು ಕಲ್ಲಿನಿಂದ ಬೇಡವಾದದ್ದನ್ನು ತೆಗೆದು ತೆಗೆದು ಮೂರ್ತಿಯನ್ನು ಕಾಣುವಂತೆ, ಮನುಷ್ಯನು ತನ್ನ ಒಳಗನ್ನು ತಿದ್ದಿಕೊಳ್ಳಬೇಕು ಎನ್ನುತ್ತಾನೆ ಅವನು. ಮುಂದೆ ಡಯೊನೀಷಿಯಸ್ ಎಂಬ ಹೆಸರಿನಲ್ಲಿ ಬರೆದ ಕ್ರೈಸ್ತ ಲೇಖಕನು ದೇವರನ್ನು ಅರಿಯುವ ಬಗೆಗೂ ಇದೇ ಹೋಲಿಕೆಯನ್ನು ಬಳಸಿದ: ದೇವರು ಇಂಥವನು ಎಂದು ಹೇಳುತ್ತಾ ಹೋಗುವುದಕ್ಕಿಂತ, ಇದಲ್ಲ, ಇದೂ ಅಲ್ಲ ಎಂದು ನಮ್ಮ ಕಲ್ಪನೆಗಳನ್ನು ತೆಗೆಯುತ್ತಾ ಹೋಗುವ ದಾರಿ. ಪರೀಕ್ಷೆಗಾಗಿ ಇದನ್ನು ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಇಪ್ಪತ್ತು ವರ್ಷಗಳ ಮೇಲೆ, ಒಂದು ಹಲಗೆಯನ್ನು ಕೆಡಿಸಿದಾಗ.

ತೆಗೆಯುವ ಕೆಲಸಕ್ಕೆ ಕೂಡಿಸುವ ಕೆಲಸಕ್ಕಿಂತ ಹೆಚ್ಚು ನೋಟ ಬೇಕು. ಕೂಡಿಸಿದ್ದನ್ನು ತೆಗೆಯಬಹುದು, ತೆಗೆದದ್ದನ್ನು ಮರಳಿ ಇಡುವುದು ಕಷ್ಟ. ಮನೆಯಲ್ಲಿ ನಾವು ಮಕ್ಕಳ ತಪ್ಪುಗಳನ್ನು ತೆಗೆಯಲು ಹೊರಟಾಗ ಇದನ್ನು ನೆನೆಯಬೇಕು. ಒಂದು ಗೀರಿಗೆ ಆಗುವ ಕೆಲಸಕ್ಕೆ ಹತ್ತು ಗೀರು ಎಳೆದರೆ ಮಗುವಿನ ಮುಖವೇ ಅಳಿಸಿಹೋಗುತ್ತದೆ. ಹಾಗೆಯೇ, ಮನೆಯ ದುಃಖವನ್ನು ಪೂರ್ತಿ ತೆಗೆದುಬಿಡುತ್ತೇವೆಂದು ಹೊರಡುವವರೂ ಉಂಟು. ಪೂರ್ತಿ ಮುಚ್ಚಿಡುವವರೂ ಉಂಟು. ಎರಡರಲ್ಲೂ ಚಿತ್ರ ಕಾಣುವುದಿಲ್ಲ.

ಹುಡುಗನ ಚಿತ್ರ

ಮತ್ತೆ ಚಡಚಣಕ್ಕೆ ಬರೋಣ. ನನ್ನಲ್ಲಿ ಉಳಿದಿದ್ದ ಎರಡನೆಯ ಹಲಗೆಯನ್ನು ಹುಡುಗನಿಗೆ ಕೊಟ್ಟೆ. ನಾನು ಕೆಡಿಸಿದ್ದನ್ನೂ ತೋರಿಸಿದೆ. ಅದನ್ನು ನೋಡಿ ಅವನು ನಕ್ಕ. ಆ ದಿನ ಅವನು ಮೊದಲ ಸಲ ನಕ್ಕದ್ದು ಆಗಲೇ. ಮೂರು ನಾಲ್ಕು ದಿನ ಚಾಕ್ ಪುಡಿಯ ಹಲಗೆಗಳ ಮೇಲೆ ತಂಬಿಗೆ, ಲಿಂಬೆಹಣ್ಣು, ಅಜ್ಜಿಯ ಎಲೆಯಡಿಕೆಯ ಚೀಲ ಗೀರಿ ಕೈ ಪಳಗಿಸಿಕೊಳ್ಳಲು ಹೇಳಿ ಹೊರಟೆ.

ಹೊರಡುವಾಗ ಒಂದು ಪ್ರಶ್ನೆ ಕೇಳಿದ್ದೆ: "ತಮ್ಮಾ, ನಿಮ್ಮಪ್ಪನ್ನ ನೆನಿಸಿಕೊಂಡ್ರ ಯಾವ ಬೆಳಕಿನ್ಯಾಗ ಕಾಣಸ್ತಾನ?" ಉತ್ತರ ಕೊಡಲಿಲ್ಲ.

ತಿಂಗಳ ಮೇಲೆ ಮತ್ತೆ ಹೋದಾಗ ಹಲಗೆಯನ್ನು ತಂದು ಕೈಗಿಟ್ಟ. ಪಂಪ್‌ಸೆಟ್ಟಿಗೆ ಕರೆಂಟು ರಾತ್ರಿಯಲ್ಲಿ ಬರುವ ನಮ್ಮ ಸೀಮೆಯ ಒಕ್ಕಲು ಮನೆಗಳವರಿಗೆ ಆ ಚಿತ್ರವನ್ನು ವಿವರಿಸಬೇಕಾಗಿಲ್ಲ. ಹಲಗೆಯ ಮುಕ್ಕಾಲು ಪಾಲು ಕಪ್ಪಾಗಿಯೇ ಉಳಿದಿತ್ತು. ಕೆಳಗೆ, ನೆಲದ ಮೇಲೆ, ಕೈಯಲ್ಲಿ ಹಿಡಿದ ಬ್ಯಾಟರಿಯ ಬೆಳಕಿನ ಒಂದು ದುಂಡು. ಆ ದುಂಡಿನಲ್ಲಿ ಹೆಜ್ಜೆ ಎತ್ತಿದ ಒಂದು ಪಾದ, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಧೋತರದ ಅಂಚು. ಪಕ್ಕದಲ್ಲಿ ಲಿಂಬೆ ಗಿಡದ ಕೆಲವು ಎಲೆಗಳು. ಮೇಲೆ, ಕತ್ತಲೆಯಲ್ಲಿ, ಕೆನ್ನೆಯ ಕೆಳಭಾಗ ಮತ್ತು ಮೀಸೆಯ ತುದಿ ಮಾತ್ರ ಐದಾರು ಗೀರುಗಳಲ್ಲಿ. ಕಣ್ಣು ಇರಲಿಲ್ಲ. ಪುಸ್ತಕದ ಹಾಳೆ ಹರಿಯುವಷ್ಟು ಸಲ ಅಳಿಸಿದ್ದ ಆ ಕಣ್ಣುಗಳನ್ನು ಅವನು ಇಲ್ಲಿ ಗೀರಿರಲೇ ಇಲ್ಲ.

ಭುಜದ ಹತ್ತಿರ ಸೂಜಿ ಜಾರಿ ಒಂದು ಉದ್ದ ಗೀರು ಬಿದ್ದಿತ್ತು. ಶಾಯಿ ತುಂಬಿ ಮುಚ್ಚಿದ್ದ. ಓರೆಯಾಗಿ ಹಿಡಿದರೆ ಅದು ಕಾಣುತ್ತಿತ್ತು. "ಇದೊಂದ ಕೆಟ್ಟೈತ್ರಿ," ಎಂದ. ಹಲಗೆಯನ್ನು ಎಸೆದಿರಲಿಲ್ಲ, ಹರಿದಿರಲಿಲ್ಲ. ನನಗೆ ಅದೇ ದೊಡ್ಡದಾಗಿ ತೋರಿತು.

ಅಜ್ಜಿ ಹಲಗೆಯನ್ನು ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದಳು. "ಇಂವ ನನ್ನ ಮಗಾ," ಎಂದಳು. "ರಾತ್ರಿ ಕರೆಂಟ್ ಬಂತಂದ್ರ ಹಿಂಗ ಹೊಂಟ ಬಿಡ್ತಿದ್ದ. ಚಪ್ಪಲ್ ಹಾಕ್ಕೊಳ್ಳೋ ಅಂದ್ರ ಕೇಳ್ತಿರಲಿಲ್ಲ." ಅತ್ತಳು, ನಿಜ. ಆದರೆ ಅಳುತ್ತಲೇ ಮಾತಾಡಿದಳು. ತಾಯಿಯೂ ಹೊಲಿಗೆ ಯಂತ್ರ ಬಿಟ್ಟು ಬಂದು ಕುಳಿತಳು. ಚಪ್ಪಲಿ ಹಾಕಿಕೊಳ್ಳದೆ ಮುಳ್ಳು ತುಳಿದು ಬಂದ ಒಂದು ರಾತ್ರಿಯ ಕಥೆಯನ್ನು ಅವಳು ಹೇಳಿದಳು. ಹುಡುಗ ಆ ಕಥೆಯನ್ನು ಅಲ್ಲಿಯವರೆಗೆ ಕೇಳಿರಲಿಲ್ಲವಂತೆ. ಅಂದು ಆ ಮನೆಯಲ್ಲಿ ಎಲ್ಲರೂ ಊಟ ಮಾಡಿದರು.

ಒಂದು ಚಿತ್ರದಿಂದ ಆ ಮನೆಯ ಕಷ್ಟ ತೀರಿತೆಂದು ನಾನು ಹೇಳುವುದಿಲ್ಲ. ಸಾಲ ಇದೆ, ಹುಡುಗನ ಓದು ಇದೆ, ತಾಯಿಯ ಬೆನ್ನುನೋವು ಇದೆ. ಆದರೆ ತೀರಿಕೊಂಡವನ ಹೆಸರು ಮನೆಗೆ ಮರಳಿ ಬಂದಿದೆ. ಇತ್ತೀಚೆಗೆ ಹೋದಾಗ ಹಲಗೆಯು ಗೋಡೆಯ ಗೂಟಕ್ಕೆ ತೂಗಿತ್ತು. ಗಾಜಿನ ಚೌಕಟ್ಟು ಹಾಕಿಸಿ ಎಂದು ಹೇಳಿ ಬಂದಿದ್ದೇನೆ. ಇಲ್ಲದಿದ್ದರೆ ಒದ್ದೆ ಕೈ ತಾಗಿ ಶಾಯಿ ಹೋಗುತ್ತದೆ.

ಮನೆಯಲ್ಲಿ ಚರ್ಚಿಸಲು

ಈ ವಾರ ಒಂದು ಸಂಜೆ ಮಕ್ಕಳೊಂದಿಗೆ ಕುಳಿತು ಮೇಣದ ಬಳಪದ ಹಲಗೆಯನ್ನು ಮಾಡಿ ನೋಡಿ. ತಂದೆ ತಾಯಂದಿರೂ ಒಂದೊಂದು ಗೀರಲಿ. ನಿಮ್ಮದು ಮಕ್ಕಳದಕ್ಕಿಂತ ಕೆಟ್ಟದಾಗಿ ಬಂದರೆ ಅದನ್ನು ಮುಚ್ಚಿಡಬೇಡಿ. ಗೀರುವಾಗ ಈ ಪ್ರಶ್ನೆಗಳನ್ನು ಮಾತಾಡಿಕೊಳ್ಳಬಹುದು:

ನಮ್ಮ ಮನೆಯಲ್ಲಿ ತಪ್ಪು ಮಾಡಿದ ಮಗು ಮೊದಲು ಏನು ಮಾಡುತ್ತದೆ: ಹೇಳುತ್ತದೆಯೋ, ಅಳಿಸಿ ಮುಚ್ಚಿಡುತ್ತದೆಯೋ? ಏಕೆ?

ಯಾರ ಹೆಸರನ್ನು, ಯಾವ ಸಂಗತಿಯನ್ನು ನಾವು ಮನೆಯಲ್ಲಿ ಎತ್ತುವುದೇ ಇಲ್ಲ? ಅವರ ಬಗ್ಗೆ ಒಂದು ಚಿಕ್ಕ ನೆನಪನ್ನಾದರೂ ಇಂದು ಹೇಳಬಹುದೇ?

ನಮ್ಮ ಪ್ರೀತಿಯವರನ್ನು ನೆನೆದರೆ ಅವರು ಯಾವ ಬೆಳಕಿನಲ್ಲಿ ಕಾಣುತ್ತಾರೆ: ಒಲೆಯದೋ, ಬಾಗಿಲಿನದೋ, ಬ್ಯಾಟರಿಯದೋ?

ಕೊನೆಯ ಪ್ರಶ್ನೆಗೆ ನಾನೂ ಉತ್ತರ ಹುಡುಕಿದೆ. ನನ್ನ ತಾಯಿ ಕಾಣುವುದು ಫೋಟೋ ಸ್ಟುಡಿಯೋದ ಬೆಳಕಿನಲ್ಲಲ್ಲ, ನಸುಕಿನ ಒಲೆಯ ಮುಂದೆ, ಬಗ್ಗಿ ಊದುವಾಗ. ಹಲಗೆಯೊಂದನ್ನು ಮಾಡಿ ಒಣಗಲು ಇಟ್ಟಿದ್ದೇನೆ. ಈ ಸಲ ಹಣೆಯಿಂದ ಆರಂಭಿಸಬೇಕೆಂದಿದ್ದೇನೆ.